ಮೆಟ್ಟಿಲು ಹತ್ತಲಾಗದವನೂ ಕನ್ನಡಿಗನೇ!



ಪ್ರೆಸ್ಸು ನಡೆಸುವ ನನಗೆ ನವೆಂಬರ್, ಡಿಸೆಂಬರ್ ಬಂದರೆ ಉಸಿರಾಡಲು ಪುರುಸೊತ್ತಿಲ್ಲ. ಮೊದಲು ರಾಜ್ಯೋತ್ಸವದ ಕರಪತ್ರ, ಆಮೇಲೆ ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನದ ಕರಪತ್ರ. ಎರಡರಲ್ಲೂ ಒಂದು ಸಾಲು ತಪ್ಪುವುದಿಲ್ಲ: "ಅಂಗವಿಕಲರಿಗೆ ಹಣ್ಣು-ಹಂಪಲ, ಹೊದಿಕೆ ವಿತರಣೆ." ದಾನಿಯ ಹೆಸರು ದಪ್ಪಕ್ಷರದಲ್ಲಿ, ಫೋಟೋ ನಾಲ್ಕು ಬಣ್ಣದಲ್ಲಿ! ಪಡೆಯುವವನ ಹೆಸರು ಯಾವ ಕರಪತ್ರದಲ್ಲೂ ಇರುವುದಿಲ್ಲ. ಅವನಿಗೆ ಹೆಸರಿಲ್ಲವೇ? ಊರಿಲ್ಲವೇ? ಅವನು ಕನ್ನಡಿಗನಲ್ಲವೇ?

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13,24,205 ಮಂದಿ ಅಂಗವಿಕಲರಿದ್ದರು. ಆಗ ಲೆಕ್ಕ ಹಾಕಿದ್ದು ಕೆಲವೇ ಬಗೆಯ ವೈಕಲ್ಯಗಳನ್ನು. ಈಗಿನ ಕಾನೂನು 21 ಬಗೆಗಳನ್ನು ಒಪ್ಪುತ್ತದೆ. ಕುಷ್ಠದಿಂದ ಗುಣವಾದವರು, ಆಸಿಡ್ ದಾಳಿಗೆ ತುತ್ತಾದವರು, ಮನೋರೋಗಿಗಳು, ಕುಬ್ಜರು ಎಲ್ಲರೂ ಇದರಲ್ಲಿದ್ದಾರೆ. ಇಷ್ಟು ಜನ ಕನ್ನಡಿಗರನ್ನು ಒಂದು ಹೊದಿಕೆ ಕೊಟ್ಟು ಮನೆಗೆ ಕಳಿಸಿದರೆ ಕನ್ನಡದ ಕೆಲಸ ಮುಗಿಯಿತೇ?

ಕಾನೂನು ಇದೆ, ಕಚೇರಿಗೆ ಗೊತ್ತಿಲ್ಲ

1995ರಲ್ಲಿ ಮೊದಲ ಕಾಯ್ದೆ ಬಂತು. ಅದನ್ನು ತೆಗೆದು 2016ರಲ್ಲಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಮಾಡಿದರು. ಅದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಸರ್ಕಾರಿ ನೌಕರಿಯಲ್ಲಿ ಶೇ 4, ಉನ್ನತ ಶಿಕ್ಷಣದಲ್ಲಿ ಶೇ 5, ಮನೆ-ಭೂಮಿ ಹಂಚಿಕೆಯಲ್ಲಿ, ಬಡತನ ನಿವಾರಣೆ ಯೋಜನೆಗಳಲ್ಲಿ ಶೇ 5 ಮೀಸಲು. ಸಾರ್ವಜನಿಕರೆದುರು ಅಂಗವಿಕಲರನ್ನು ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. "ಏ ಕುಂಟ", "ಏ ಕುರುಡ" ಎಂದು ಸಂತೆಯಲ್ಲಿ ಕೂಗುವ ಮಹಾಶಯರು ಇದನ್ನು ಎರಡು ಸಲ ಓದಲಿ.

ಹಳೆಯ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಐದು ವರ್ಷದೊಳಗೆ ಅಂಗವಿಕಲರು ಬಳಸುವಂತೆ ಮಾಡಬೇಕೆಂದು ಇದೇ ಕಾಯ್ದೆ ಹೇಳಿತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಐದು ವರ್ಷ ಮುಗಿದದ್ದು 2022ರಲ್ಲಿ. ಆಳಂದ, ಅಫಜಲಪುರ, ಜೇವರ್ಗಿಯ ಓದುಗರೇ, ನಿಮ್ಮ ಊರಿನ ಪಂಚಾಯಿತಿ ಕಟ್ಟಡದ ಮುಂದೆ ಒಮ್ಮೆ ನಿಂತು ನೋಡಿ. ಮೆಟ್ಟಿಲೆಷ್ಟು? ಇಳಿಜಾರು ದಾರಿ ಇದೆಯೇ? ಇದ್ದರೆ ಅದರ ಮೇಲೆ ಬೈಕು ನಿಲ್ಲಿಸಿದವರು ಯಾರು?

ಓಟಿನ ದಿನ ಮಾತ್ರ ಎಲ್ಲವೂ ಬರುತ್ತದೆ! ಇಳಿಜಾರು ಹಲಗೆ ಬರುತ್ತದೆ, ಗಾಲಿಕುರ್ಚಿ ಬರುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೂ ಅಂಗವಿಕಲರಿಗೂ ಮನೆಯಲ್ಲೇ ಮತ ಹಾಕುವ ಅವಕಾಶ ಕೊಟ್ಟರು. ಒಳ್ಳೆಯದೇ ಆಯಿತು. ಓಟು ಕೇಳಲು ಮನೆ ಬಾಗಿಲು ಗೊತ್ತಿರುವ ಸರ್ಕಾರಕ್ಕೆ ಮಾಸಾಶನದ ಅರ್ಜಿ ತೆಗೆದುಕೊಳ್ಳಲು ಅದೇ ಬಾಗಿಲು ಏಕೆ ಕಾಣುವುದಿಲ್ಲ? ಆಗ ಮಾತ್ರ "ಆನ್‌ಲೈನ್ ಬಂದ್ ಅದ, ನಾಳಿ ಬಾ" ಎನ್ನುವ ಉತ್ತರ ಏಕೆ? ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಇರುವುದು ಕಲಬುರಗಿಯಲ್ಲಿ. ಆಳಂದದಿಂದಲೂ ಜೇವರ್ಗಿಯಿಂದಲೂ ಸುಮಾರು 40 ಕಿಲೋಮೀಟರ್, ಅಫಜಲಪುರದಿಂದ ಇನ್ನೂ ದೂರ. ನಡೆಯಲಾರದವನಿಗೆ ಆ "ನಾಳೆ" ಎಂದರೆ ಒಂದು ದಿನದ ಕೂಲಿ, ಜೊತೆಗೆ ಬರುವವನ ಇನ್ನೊಂದು ಕೂಲಿ, ಇಬ್ಬರ ಹಾದಿ ಖರ್ಚು.

ಕೈಯಲ್ಲಿದ್ದೂ ಓದಲಾಗದ ಕಾಗದ

ಇದಕ್ಕೂ ಕನ್ನಡ ಹೋರಾಟಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಹೇಳುತ್ತೇನೆ.

1948ರವರೆಗೆ ನಮ್ಮ ಈ ಭಾಗ ನಿಜಾಮನ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. ಕನ್ನಡದ ರೈತ ತನ್ನ ಹೊಲದ ಕಾಗದವನ್ನು ತಾನೇ ಓದಲಾರದೆ ಯಾರದೋ ಬಾಯಿ ನೋಡುತ್ತ ನಿಲ್ಲುತ್ತಿದ್ದ. ನಮ್ಮ ಹಿರಿಯರು ಉಂಡ ಆ ಅಪಮಾನವೇ ಕನ್ನಡ ಚಳವಳಿಯ ಬೇರು. ಇವತ್ತು ಕನ್ನಡ ನಾಡಿನಲ್ಲೇ ಕಣ್ಣಿಲ್ಲದ ಕನ್ನಡಿಗ ಅದೇ ಅಪಮಾನ ಉಣ್ಣುತ್ತಿದ್ದಾನೆ. ಕಾಗದ ಅವನದು, ಓದುವ ಕಣ್ಣು ಇನ್ನೊಬ್ಬರದು.

ಈಗ ಕಣ್ಣಿಲ್ಲದ ಹುಡುಗರ ಕೈಯಲ್ಲಿ ಮೊಬೈಲು ಇದೆ. ಅದು ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಆದರೆ ಅಕ್ಷರ ಯೂನಿಕೋಡ್‌ನಲ್ಲಿರಬೇಕು. ಅಕ್ಷರಜೋಡಣೆ ನನ್ನ ಹೊಟ್ಟೆಪಾಡಾದ್ದರಿಂದ ಇದು ನನಗೆ ಚೆನ್ನಾಗಿ ಗೊತ್ತು: ಹಳೆಯ ಫಾಂಟಿನಲ್ಲಿ ಹೊಡೆದ ಪುಟ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆದೇಶವನ್ನು ಫೋಟೋ ಹೊಡೆದಂತೆ ಸ್ಕ್ಯಾನ್ ಮಾಡಿ ಹಾಕಿದರೂ ಅಷ್ಟೇ, ಮೊಬೈಲು ತೊದಲುತ್ತದೆ, ಇಲ್ಲವೇ ಮೂಕವಾಗುತ್ತದೆ. ರಾಜ್ಯ ಸರ್ಕಾರ 2012ರಲ್ಲೇ ಯೂನಿಕೋಡನ್ನು ಒಪ್ಪಿಕೊಂಡಿದೆ. ಹಾಗಿದ್ದೂ ಸ್ಕ್ಯಾನ್ ಮಾಡಿದ ಆದೇಶಗಳು ಬರುತ್ತಲೇ ಇವೆ. ಅಂಗಡಿ ಬೋರ್ಡಿನಲ್ಲಿ ಕನ್ನಡ ಇಲ್ಲವೆಂದು ಬೀದಿಗಿಳಿಯುವ ನಾವು, ಸರ್ಕಾರದ ಕನ್ನಡವೇ ಕುರುಡರಿಗೆ ದಕ್ಕುತ್ತಿಲ್ಲವೆಂದು ಎಷ್ಟು ಸಲ ಬೀದಿಗಿಳಿದಿದ್ದೇವೆ?

ಇನ್ನು ವೈದ್ಯರ ಕಾಗದ. ಲ್ಯಾಮಿನೇಶನ್‌ಗೆಂದು ನನ್ನ ಅಂಗಡಿಗೆ ಬರುವ ತಾಯಂದಿರು ಕೇಳುವುದು ಒಂದೇ ಮಾತು: "ಅಣ್ಣಾ, ಇದ್ರಾಗ ಏನ್ ಬರದಾರ?" ಮಗನ ಅಂಗವೈಕಲ್ಯ ಶೇ 38 ಎಂದು ಬರೆದಿದ್ದರೆ ಮೀಸಲಾತಿ ಇಲ್ಲ, ಶೇ 40 ಎಂದಿದ್ದರೆ ಉಂಟು. ಮಗುವಿನ ಬಾಳು ನಿಂತಿರುವ ಆ ಸಾಲು ಇಂಗ್ಲಿಷಿನಲ್ಲಿ! ಆ ತಾಯಿಗೆ ಅದನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಕೇಳುವುದು ಕನ್ನಡ ಹೋರಾಟವಲ್ಲದೆ ಮತ್ತೇನು?

ಹೆಸರಿಗೇನೂ ಬರವಿಲ್ಲ. ಅಂಗವಿಕಲ, ವಿಕಲಚೇತನ, ವಿಶೇಷಚೇತನ ಆದಮೇಲೆ ದೆಹಲಿಯಿಂದ "ದಿವ್ಯಾಂಗ" ಬಂತು. ಹೆಸರು ಬದಲಾದಾಗಲೆಲ್ಲ ನನ್ನಂಥವನಿಗೆ ಹೊಸ ಬೋರ್ಡಿನ ಆರ್ಡರು ಸಿಕ್ಕಿತು. ಮೆಟ್ಟಿಲು ಒಂದೂ ಕಡಿಮೆಯಾಗಲಿಲ್ಲ.

ಭೀಮೆಯ ದಂಡೆ, ಗಾಣಗಾಪುರದ ದಾರಿ

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕಿನ ಊರುಗಳಿಗೆ ನುಗ್ಗಿದಳು. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಪ್ರವಾಹ. ಡಂಗುರ ಸಾರಿದರೆ ಕಿವಿ ಕೇಳದವನಿಗೆ ತಿಳಿಯುವುದು ಹೇಗೆ? ರಾತ್ರೋರಾತ್ರಿ ಊರು ಬಿಡಿ ಎಂದರೆ ಹಾಸಿಗೆ ಹಿಡಿದವನು ಏಳುವುದು ಹೇಗೆ? ಜಿಲ್ಲೆಯ ಅಂಗವಿಕಲರ ವಿವರವನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಇಟ್ಟುಕೊಂಡು, ಅಪಾಯವನ್ನು ಅವರಿಗೆ ಮೊದಲೇ ತಿಳಿಸಬೇಕೆಂದು ಕಾಯ್ದೆಯ 8ನೇ ಕಲಮು ಹೇಳುತ್ತದೆ. ಮುಂದಿನ ಮಳೆಗಾಲಕ್ಕೆ ಮೊದಲು ತಹಸೀಲ್ದಾರರ ಮುಂದೆ ನಿಂತು ಕೇಳಿ: ನಮ್ಮೂರಿನ ಪಟ್ಟಿ ಎಲ್ಲಿ ಸಾಹೇಬರೇ?

ದೇವಲ ಗಾಣಗಾಪುರಕ್ಕೆ ಮನಸ್ಸು ಕೆಟ್ಟವರನ್ನು ಕರೆತರುವ ಮನೆಯವರನ್ನು ನಾನು ಹೀಯಾಳಿಸುವವನಲ್ಲ. ದತ್ತನ ಮೇಲಿನ ಭಕ್ತಿ ಅವರದು, ಇರಲಿ. ಆದರೆ ಮನೋರೋಗವೂ ಕಾಯ್ದೆಯ 21ರಲ್ಲಿ ಒಂದು, ಅದಕ್ಕೆ ಸರ್ಕಾರದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವ ಹಕ್ಕು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿದೆ ಎಂದು ಅವರಿಗೆ ಹೇಳುವವರು ಯಾರು? ನಾವೇ ಹೇಳಬೇಕು.

ಏನು ಮಾಡಬೇಕು?

ಒಂದು: ಗ್ರಾಮಸಭೆಗೆ ಹೋಗಿ. ಪಂಚಾಯಿತಿ ತನ್ನ ಸ್ವಂತ ಆದಾಯದ ಶೇ 5ನ್ನು ಅಂಗವಿಕಲರಿಗೆ ಎತ್ತಿಡಬೇಕೆಂದು ಸರ್ಕಾರದ ಆದೇಶವಿದೆ. ಎಷ್ಟು ಎತ್ತಿಟ್ಟಿರಿ, ಯಾರಿಗೆ ಕೊಟ್ಟಿರಿ ಎಂದು ಕೇಳಿ. ಬಾಯಿ ಬಿಡದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಮೂವತ್ತು ದಿನದಲ್ಲಿ ಉತ್ತರ ಕೊಡಲೇಬೇಕು.

ಎರಡು: ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಯಾರೆಂದು ಪತ್ತೆ ಹಚ್ಚಿ. ಗೌರವಧನದಲ್ಲಿ ದುಡಿಯುವ ಬಡವ ಅವನು, ಜಗಳವಾಡಬೇಡಿ. ಅವನ ಜೊತೆ ಮನೆ ಮನೆ ತಿರುಗಿ, ಅಂಗವಿಕಲರ ಗುರುತಿನ ಚೀಟಿ ಯಾರಿಗಿಲ್ಲವೋ ಅವರ ಪಟ್ಟಿ ಮಾಡಿ.

ಮೂರು: ಕೆಲಸವಾಗದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ ಬರೆಯಿರಿ. ವಿಚಾರಣೆಯಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರ ಶಿಫಾರಸಿನ ಮೇಲೆ ಏನು ಕ್ರಮವಾಯಿತೆಂದು ಇಲಾಖೆ ಮೂರು ತಿಂಗಳಲ್ಲಿ ತಿಳಿಸಬೇಕು. ಕನ್ನಡದಲ್ಲೇ ಬರೆಯಿರಿ. ಉತ್ತರವೂ ಕನ್ನಡದಲ್ಲೇ ಬೇಕೆಂದು ಕೊನೆಯ ಸಾಲಿನಲ್ಲಿ ಸೇರಿಸಿ.

ನಾಲ್ಕು: ಇದು ನಮ್ಮ ಸಂಘಟನೆಗಳಿಗೆ. "ನಮ್ಮನ್ನು ಬಿಟ್ಟು ನಮ್ಮ ವಿಷಯ ಬೇಡ" ಎಂಬುದು ಜಗತ್ತಿನ ಅಂಗವಿಕಲರ ಘೋಷಣೆ. ನಮ್ಮ ತಾಲ್ಲೂಕು ಘಟಕಗಳಲ್ಲಿ ಅಂಗವಿಕಲ ಪದಾಧಿಕಾರಿಗಳು ಎಷ್ಟಿದ್ದಾರೆ? ನಮ್ಮ ವೇದಿಕೆಗೆ ಗಾಲಿಕುರ್ಚಿ ಹತ್ತುತ್ತದೆಯೇ? ಅವರನ್ನು ಸನ್ಮಾನಕ್ಕೆ ಕರೆಯುವುದು ಬಿಡಿ, ನಿರ್ಣಯ ಬರೆಯುವಾಗ ಕರೆಯಿರಿ.

"ಮೊದಲು ಕುಡಿಯುವ ನೀರು, ರಸ್ತೆ ಆಗಲಿ, ಆಮೇಲೆ ಇದು" ಎನ್ನುವವರಿಗೂ ಒಂದು ಮಾತು. ಬೆಂಗಳೂರಿನವರು ಹೈದರಾಬಾದ್ ಕರ್ನಾಟಕಕ್ಕೆ ದಶಕಗಟ್ಟಲೆ ಹೇಳಿದ್ದೂ ಇದೇ "ಆಮೇಲೆ". ಅದನ್ನು ನಾವು ಒಪ್ಪಲಿಲ್ಲ. ಹೋರಾಡಿ 371 (ಜೆ) ತಂದೆವು. ನಾವು ಒಪ್ಪದ "ಆಮೇಲೆ"ಯನ್ನು ನಮ್ಮೂರಿನ ಅಂಗವಿಕಲರಿಗೆ ಹೇಳಲು ನಮಗೆ ಯಾವ ನಾಲಗೆ ಇದೆ?

ಗದಗಿನ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಪುಟ್ಟರಾಜರನ್ನು ಬೆಳೆಸಿದರು. ಪುಟ್ಟರಾಜ ಗವಾಯಿಗಳು ನಾಡಿಗೇ ಗುರುವಾದರು. ಅವಕಾಶ ಸಿಕ್ಕಲ್ಲಿ ಕನ್ನಡಕ್ಕೆ ದಕ್ಕಿದ್ದು ಇಷ್ಟು. ಅವಕಾಶ ಸಿಗದೆ ಆಳಂದ, ಅಫಜಲಪುರ, ಜೇವರ್ಗಿಯ ಹಟ್ಟಿ-ಓಣಿಗಳಲ್ಲಿ ಮೂಲೆ ಸೇರಿದವರೆಷ್ಟೋ! ಮುಂದಿನ ಗ್ರಾಮಸಭೆಗೆ ಒಬ್ಬರೇ ಹೋಗಬೇಡಿ. ನಿಮ್ಮ ಓಣಿಯ ಅಂಗವಿಕಲರನ್ನು ಕರೆದುಕೊಂಡು ಹೋಗಿ, ಅವರ ಅರ್ಜಿ ಕೊಡಿಸಿ, ಸ್ವೀಕೃತಿ ಪಡೆಯದೆ ಎದ್ದು ಬರಬೇಡಿ.