ಕಿವಿಗೆ ಹೂವಿಡುವವರು

ಒಂದೂವರೆ ಮೀಟರ್ ತಂತಿಗೆ 499 ಡಾಲರ್! 2008ರಲ್ಲಿ ಜಪಾನಿನ ಡೆನಾನ್ ಕಂಪೆನಿ ಮಾರಾಟಕ್ಕಿಟ್ಟ ಎಕೆ-ಡಿಎಲ್1 ಕೇಬಲಿನ ಬೆಲೆಯಿದು. ಅಂದಿನ ಲೆಕ್ಕದಲ್ಲಿ ಇಪ್ಪತ್ತು ಸಾವಿರ ರೂಪಾಯಿಗೂ ಮಿಕ್ಕಿ. ನೋಡಿದರೆ ಕಂಪ್ಯೂಟರುಗಳನ್ನು ಜೋಡಿಸುವ ಮಾಮೂಲಿ ಕೇಬಲಿನದೇ ಜಾತಿ. ಸಾಲದ್ದಕ್ಕೆ ಅದರ ಮೇಲೆ ಬಾಣದ ಗುರುತು ಬೇರೆ, ಸಂಗೀತ ಯಾವ ಕಡೆಗೆ ಹರಿಯಬೇಕೆಂದು ತೋರಿಸಲು! ಒಳಗೆ ಓಡುವುದು ಸೊನ್ನೆ ಮತ್ತು ಒಂದು, ಅಷ್ಟೇ. ಅಗ್ಗದ ತಂತಿಯಲ್ಲಿ ಬಂದ ‘ಒಂದು’ಗಿಂತ ದುಬಾರಿ ತಂತಿಯಲ್ಲಿ ಬಂದ ‘ಒಂದು’ ಹೆಚ್ಚು ಮಧುರವಾಗುವುದು ಹೇಗೆ?

ಹೀಗೆ ಕೇಳಿದರೆ ಸಿಗುವ ಉತ್ತರ: ‘ನಿಮ್ಮ ಕಿವಿ ಇನ್ನೂ ಪಳಗಿಲ್ಲ.’ (ವಿವಿಧ ಭಾರತಿಯ ಕರಕರ ಸದ್ದಿನೊಳಗಿಂದ ರಫಿಯನ್ನು ಹೆಕ್ಕಿಕೊಂಡ ಕಿವಿ ನಮ್ಮದು!) ನಮ್ಮ ತಕರಾರಿರುವುದು ಇಲ್ಲಿಯೇ. ಉಳ್ಳವರು ದುಡ್ಡು ಸುರಿಯಲಿ. ಆದರೆ ಕೇಳಿಸದ್ದನ್ನು ಕೇಳಿಸಲಿಲ್ಲ ಎಂದವನಿಗೆ ಕಿವುಡನ ಪಟ್ಟ ಕಟ್ಟಲು ಇವರು ಯಾರು?

ಪಳಗಿದ ಕಿವಿಗಳ ಗತಿಯನ್ನೂ ಕಂಡಿದ್ದೇವೆ. ಅಮೆರಿಕದ ಮೊಬೈಲ್ ಫಿಡೆಲಿಟಿಯ ದುಬಾರಿ ಎಲ್‌ಪಿ ತಟ್ಟೆಗಳಿಗೆ ಡಿಜಿಟಲ್ ಸೋಂಕಿಲ್ಲವೆಂದು ರಸಿಕರು ಮುಗಿಬಿದ್ದರು. 2022ರಲ್ಲಿ ಗುಟ್ಟು ರಟ್ಟಾಯಿತು: 2011ರಿಂದಲೇ ಅನೇಕ ತಟ್ಟೆಗಳ ತಯಾರಿಯಲ್ಲಿ ಡಿಜಿಟಲ್ ಹಂತವಿತ್ತು. ಅದನ್ನು ಹೊರಗೆಡವಿದ್ದು ಯಾರ ಕಿವಿಯೂ ಅಲ್ಲ, ಸಂಸ್ಥೆಯ ಇಂಜಿನಿಯರರ ಬಾಯಿ.

ನಮ್ಮ ಬೇಡಿಕೆ ಇಷ್ಟೇ: ಪೆಟ್ಟಿಗೆ, ತಂತಿಗಳ ಮೇಲೆ ಬಟ್ಟೆ ಹೊದೆಸಿ, ಬೆಲೆ ಹೇಳದೆ ಕೇಳಿಸಿ. 2007ರಲ್ಲಿ ಮೆಯರ್ ಮತ್ತು ಮೊರಾನ್ ಎಂಬ ಅಮೆರಿಕನ್ನರು ಹೀಗೆಯೇ ಯಾವುದು ಯಾವುದೆಂದು ತಿಳಿಸದೆ, ಉನ್ನತ ದರ್ಜೆಯ ಡಿಸ್ಕನ್ನೂ ಅದರದೇ ಸಾಮಾನ್ಯ ಸಿಡಿ ಗುಣಮಟ್ಟದ ರೂಪವನ್ನೂ ಕೇಳಿಸಿದರು. 554 ಸಲದಲ್ಲಿ ಸರಿಯುತ್ತರ ಬಂದದ್ದು 276. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.