ಮೂಗಿನ ಅಲರ್ಜಿ: ಸ್ಟೀರಾಯ್ಡ್ ಸ್ಪ್ರೇಗೆ ಹೆದರಬೇಕೇ?

ಬೆಳಗ್ಗೆ ಎದ್ದ ಕೂಡಲೇ ಒಂದರ ಹಿಂದೊಂದು ಸೀನು, ನೀರಿನಂತೆ ಸುರಿಯುವ ಮೂಗು. ‘ಆ್ಯಂಟಿಬಯೋಟಿಕ್ ತಗೊಳ್ಳಿ, ಸ್ಟೀರಾಯ್ಡ್ ಸ್ಪ್ರೇ ಮಾತ್ರ ಮುಟ್ಟಬೇಡಿ’ ಎಂಬ ಸಲಹೆ ವಾಟ್ಸ್ಆ್ಯಪ್‌ನಲ್ಲಿ ಬಂದರೆ ನಂಬಬೇಕೇ? ನೋಡೋಣ.

ಇದು ನೆಗಡಿಯೇ?
ನೆಗಡಿ ವೈರಸ್‌ನಿಂದ ಬರುತ್ತದೆ. ಗಂಟಲು ನೋವು, ಮೈಕೈ ನೋವು, ಕೆಲವೊಮ್ಮೆ ಜ್ವರವೂ ಇರುತ್ತದೆ. ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ವಾಸಿಯಾಗುತ್ತದೆ. ಅಲರ್ಜಿಯಲ್ಲಿ ಜ್ವರ ಬರುವುದಿಲ್ಲ. ಮೂಗು, ಕಣ್ಣು ತುರಿಸುತ್ತವೆ. ಮಕ್ಕಳು ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜುತ್ತಿರುತ್ತಾರೆ. ಹಾಸಿಗೆ ಧೂಳಿನ ಸೂಕ್ಷ್ಮ ಹುಳಗಳು, ಬೂಷ್ಟು, ಜಿರಳೆ, ಖಾಲಿ ಸೈಟುಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡದ ಪರಾಗ ಇವೆಲ್ಲ ಕಾರಣವಾಗಬಹುದು. ದೇಹ ಇವನ್ನು ಶತ್ರುವೆಂದು ತಪ್ಪು ತಿಳಿದು ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುಗಡೆ ಮಾಡುತ್ತದೆ. ಆ್ಯಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಹಾಗಾಗಿ ನೆಗಡಿಗೂ ಅಲರ್ಜಿಗೂ ಅದರಿಂದ ಪ್ರಯೋಜನವಿಲ್ಲ.

ದುಬಾರಿ ಪರೀಕ್ಷೆ ಬೇಕೇ?
ಬಹುತೇಕರಿಗೆ ಬೇಡ. ಯಾವಾಗ ಹೆಚ್ಚು, ಎಲ್ಲಿ ಹೆಚ್ಚು, ಮನೆಯಲ್ಲಿ ಯಾರಿಗಾದರೂ ಆಸ್ತಮಾ ಇದೆಯೇ ಎಂದು ಕೇಳಿ, ಮೂಗು ನೋಡಿ ನಿಮ್ಮ ಡಾಕ್ಟರೇ ಗುರುತಿಸಬಲ್ಲರು. ವಾರದಲ್ಲಿ 4 ದಿನಕ್ಕಿಂತ ಹೆಚ್ಚು, ಸತತ 4 ವಾರಕ್ಕಿಂತ ಹೆಚ್ಚು ಕಾಡಿದರೆ ಅದು ದೀರ್ಘಕಾಲದ ಅಲರ್ಜಿ. ಔಷಧಿಗೆ ಬಗ್ಗದಿದ್ದಾಗ ಚರ್ಮದ ಪರೀಕ್ಷೆಯ ಮಾತು ಬರುತ್ತದೆ.

ಯಾವ ಔಷಧಿ?
ಅಪರೂಪಕ್ಕೆ ಬರುವ ಸೀನಿಗೆ ಸೆಟಿರಿಜಿನ್, ಲೋರಾಟಡಿನ್‌ನಂಥ ಮಾತ್ರೆ ಸಾಕಾಗಬಹುದು. ನಿದ್ದೆ ಬಂದಂತಾದರೆ ವಾಹನ ಓಡಿಸಬೇಡಿ. ಮೂಗು ಸದಾ ಕಟ್ಟುವವರಿಗೆ ಹೆಚ್ಚು ಪರಿಣಾಮಕಾರಿ ಎಂದರೆ ಫ್ಲುಟಿಕಾಸೋನ್, ಮೊಮೆಟಾಸೋನ್‌ನಂಥ ಸ್ಟೀರಾಯ್ಡ್ ಸ್ಪ್ರೇ. ಇದರ ಪ್ರಮಾಣ ಮೈಕ್ರೋಗ್ರಾಂಗಳಲ್ಲಿ. ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಪೂರ್ಣ ಪರಿಣಾಮಕ್ಕೆ 2 ವಾರ ಬೇಕಾಗಬಹುದು, ಎರಡೇ ದಿನಕ್ಕೆ ಬಿಡಬೇಡಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹೊಡೆದರೆ ಮೂಗಿನ ನಡುಗೋಡೆಗೆ ತಾಗಿ ರಕ್ತ ಬರುವುದು ಕಡಿಮೆಯಾಗುತ್ತದೆ.

ಎಚ್ಚರ ಬೇಕಿರುವುದು ಬೇರೆ ಬಾಟಲಿಗೆ!
ಮೂಗು ತಕ್ಷಣ ಬಿಡಿಸುವ ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಹನಿಗಳನ್ನು 5 ದಿನ ಮೀರಿ ಬಳಸಿದರೆ ಮೂಗು ಇನ್ನಷ್ಟು ಕಟ್ಟುತ್ತದೆ, ಹನಿಯಿಲ್ಲದೆ ನಿದ್ದೆಯೇ ಬಾರದ ಸ್ಥಿತಿ ಬರಬಹುದು.

ಉಬ್ಬಸ, ರಾತ್ರಿ ಕೆಮ್ಮು ಇದ್ದರೆ ಆಸ್ತಮಾ ಇರಬಹುದು. ಒಂದೇ ಹೊಳ್ಳೆ ಕಟ್ಟುವುದು, ರಕ್ತ ಅಥವಾ ದುರ್ವಾಸನೆಯ ಸಿಂಬಳ ಕಂಡರೂ ತಡಮಾಡದೆ ಡಾಕ್ಟರನ್ನು ಕಾಣಿ.

ನಮ್ಮ ತೀರ್ಮಾನ: ಆ್ಯಂಟಿಬಯೋಟಿಕ್ ಸಲಹೆ ತಪ್ಪು, ಸ್ಪ್ರೇ ಭಯ ಅನಗತ್ಯ. ಅಂಥ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ.