ಗೆಳೆಯ ಜೊತೆಗಿದ್ದರೆ ಗಣಿಗೆ ಇಳಿಯಬಹುದೇ?

ಮಕ್ಕಳೇ, ಹೊನ್ನವಳ್ಳಿ ಎಂಬ ಹೆಸರಿನಲ್ಲೇ ಹೊನ್ನಿದೆ. ತಿಪಟೂರು ಸೀಮೆಯ ಹೊನ್ನೆಂದರೆ ಕೊಬ್ಬರಿಯೇ, ಆ ಮಾತು ಬೇರೆ. ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರುಗಳಿವೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಎಲ್ಲ ಗಣಿಗಳೂ ಮತ್ತೆ ತೆರೆಯಲಿಲ್ಲ.

ಬಿಟ್ಟ ಗಣಿಯ ಒಳಗೆ ಏನಿದೆ ಎಂದು ನೋಡುವ ಆಸೆ ನಿಮಗಿದ್ದರೆ ನಾನು ಬೈಯುವುದಿಲ್ಲ. ನೆಲದೊಳಗೆ ಏನಿದೆ ಎಂದು ಕೇಳಿದವರಿಂದಲೇ ಭೂವಿಜ್ಞಾನ ಬೆಳೆಯಿತು. ಆದರೆ ‘ಗೆಳೆಯ ಜೊತೆಗಿದ್ದಾನಲ್ಲ, ಭಯವೇನು?’ ಎಂಬ ಲೆಕ್ಕ ತಪ್ಪು. ಏಕೆ?

ತೋಟದ ಹಳೆಯ ಬಾವಿಯನ್ನು ನೆನೆಯಿರಿ. ಹೂಳೆತ್ತಲು ಇಳಿಯುವ ಮೊದಲು ಹಿರಿಯರು ಹಗ್ಗಕ್ಕೆ ಲಾಂದ್ರ ಕಟ್ಟಿ ಕೆಳಗೆ ಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇಕಡಾ 21ರಷ್ಟಿದೆ. ಅದು 16ರ ಆಸುಪಾಸಿಗೆ ಇಳಿದರೆ ದೀಪ ಆರುತ್ತದೆ. 10ಕ್ಕಿಂತ ಕಡಿಮೆಯಾದರೆ ಮನುಷ್ಯ ಪ್ರಜ್ಞೆ ತಪ್ಪುತ್ತಾನೆ. ಬಿಟ್ಟ ಸುರಂಗದಲ್ಲಿ ಗಾಳಿ ಆಡುವುದಿಲ್ಲ. ಕೊಳೆಯುವ ಆಸರೆಯ ಮರಗಳು, ಗಂಧಕ ಬೆರೆತ ಅದಿರುಗಳು ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ತಗ್ಗಿನಲ್ಲಿ ನಿಲ್ಲುತ್ತದೆ. ಅದು ಕಣ್ಣಿಗೆ ಕಾಣದು. ಲಾಂದ್ರವನ್ನೂ ಪೂರ್ತಿ ನಂಬುವಂತಿಲ್ಲ. ಕಾರ್ಬನ್ ಮಾನಾಕ್ಸೈಡ್ ಇರುವ ಕಡೆ ದೀಪ ಉರಿಯುತ್ತಲೇ ಇರುತ್ತದೆ, ಮನುಷ್ಯ ಬೀಳುತ್ತಾನೆ. ಮೀಥೇನ್ ಇದ್ದರಂತೂ ಆ ದೀಪವೇ ಸ್ಫೋಟಕ್ಕೆ ಕಾರಣವಾಗಬಹುದು.

ಈಗ ಗೆಳೆಯನ ವಿಷಯ. ಮುಂದೆ ಹೋದವನು ಕುಸಿದು ಬಿದ್ದ ಎಂದಿಟ್ಟುಕೊಳ್ಳಿ. ಹಿಂದಿನವನು ಏನು ಮಾಡುತ್ತಾನೆ? ಎತ್ತಲು ಓಡುತ್ತಾನೆ. ಅದೇ ಗಾಳಿ ಅವನನ್ನೂ ಕೆಡವುತ್ತದೆ. ಬಾವಿಯಲ್ಲಿ ಒಬ್ಬರ ಹಿಂದೆ ಒಬ್ಬರು ಇಳಿದು ಸತ್ತ ಸುದ್ದಿಯನ್ನು ನೀವೂ ಓದಿರಬಹುದು. ಗೆಳೆತನ ಗಟ್ಟಿಯಾದಷ್ಟೂ ಈ ಅಪಾಯ ಹೆಚ್ಚು. ಹೇಳಲು ಕಷ್ಟವಾಗುತ್ತದೆ, ಆದರೂ ನಿಜ. ಹೊರಗೆ ನಿಂತವನು ಒಳಗೆ ಹೋಗದೆ ಕೂಗಿ ಜನರನ್ನು ಕರೆಯಬೇಕು, 112ಕ್ಕೆ ಫೋನ್ ಮಾಡಿಸಬೇಕು.

‘ಕೋಲಾರದ ಚಿನ್ನದ ಗಣಿಯಲ್ಲಿ ಜನ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದರಲ್ಲ?’ ಎಂದು ನೀವು ಕೇಳಬಹುದು. ಹೌದು, ಆದರೆ ಅಲ್ಲಿ ಯಂತ್ರಗಳು ಹಗಲಿರುಳು ಗಾಳಿ ಕಳಿಸುತ್ತಿದ್ದವು, ಪಂಪುಗಳು ನೀರೆತ್ತುತ್ತಿದ್ದವು. 2001ರಲ್ಲಿ ಗಣಿ ಮುಚ್ಚಿತು. ಪಂಪು ನಿಂತ ಮೇಲೆ ಸುರಂಗಗಳಿಗೆ ನೀರು ತುಂಬಿತು.

ಮಕ್ಕಳಿಗಷ್ಟೇ ಬುದ್ಧಿ ಹೇಳಿ ದೊಡ್ಡವರು ಸುಮ್ಮನಿರುವುದು ನನಗೆ ಸರಿಕಾಣದು. ಗಣಿ ಬಿಡುವಾಗ ಅದರ ಬಾಯಿಗೆ ಭದ್ರವಾದ ಬೇಲಿ ಹಾಕಬೇಕೆಂಬ ನಿಯಮವೇ ಇದೆ. ಬೇಲಿಯಿಲ್ಲದ ಗುಂಡಿ ಇದೆಯೆಂದು ತಿಳಿದರೆ ನಿಮ್ಮ ತರಗತಿಯಿಂದ ಗ್ರಾಮ ಪಂಚಾಯಿತಿಗೆ ಅರ್ಜಿ ಬರೆಯಿರಿ.

ಇನ್ನು ನಿಮ್ಮ ಆಸೆ? ದಾರಿ ಬದಿಯ ಭಾರವಾದ ಕೆಂಪು, ಕಪ್ಪು ಕಲ್ಲುಗಳನ್ನು ಶಾಲೆಗೆ ತನ್ನಿ. ಒಡೆದ ಬಿಳಿ ಟೈಲ್ಸ್‌ನ ಒರಟು ಹಿಂಬದಿಗೆ ಉಜ್ಜಿ. ಗೆರೆ ಕೆಂಪಾಗಿ ಬಿದ್ದರೆ ಅದು ಕಬ್ಬಿಣದ ಅದಿರಿರಬಹುದು, ಕಪ್ಪಾಗಿ ಬಿದ್ದರೆ ಮ್ಯಾಂಗನೀಸ್ ಇರಬಹುದು. ಕಪ್ಪು ಗೆರೆಯ ಕಲ್ಲಿಗೆ ಅಯಸ್ಕಾಂತ ಅಂಟಿತೇ? ಹಾಗಾದರೆ ಅದು ಮ್ಯಾಂಗನೀಸ್ ಅಲ್ಲ, ಮ್ಯಾಗ್ನಟೈಟ್ ಎಂಬ ಇನ್ನೊಂದು ಕಬ್ಬಿಣದ ಅದಿರು. ಈ ಕೆಲಸಕ್ಕೆ ಗೆಳೆಯನನ್ನೂ ಕರೆಯಿರಿ. ಒಬ್ಬರು ಉಜ್ಜಲಿ, ಇನ್ನೊಬ್ಬರು ಬರೆದುಕೊಳ್ಳಲಿ.